ಎಲುಬು ಕೂಡುವ ಶಾಸ್ತ್ರವೂ ಮಾನ್ಯಖೇಟದ ಮಾರ್ಗವೂ

೧

ಕಾಗಿಣಾ ನದಿಯ ದಡದ ಮಳಖೇಡವು ಈಗ ಸೇಡಂ ತಾಲ್ಲೂಕಿನ ಒಂದು ಗ್ರಾಮ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಇದೇ ಎಂಬುದು ವಾಚಕರಿಗೆ ವಿದಿತವೇ ಆಗಿದೆ. ಕ್ರಿ. ಶ. ೮೧೪ರಿಂದ ೮೭೮ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದ ವಾಙ್ಮಯವನ್ನು ಕುರಿತು ಮಾತನಾಡುವಾಗ ನಮ್ಮ ಸಾಹಿತ್ಯಚರಿತ್ರಕಾರರು ಕವಿರಾಜಮಾರ್ಗವೊಂದನ್ನೇ ಎತ್ತಿ ಹಿಡಿಯುವುದು ವಾಡಿಕೆ. ಆದರೆ ಅದೇ ಅರಸನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಶಾಕಟಾಯನನ ವ್ಯಾಕರಣಕ್ಕೆ ಅಮೋಘವೃತ್ತಿಯು ಹುಟ್ಟಿತು. ವೈದ್ಯಾಚಾರ್ಯನಾದ ಉಗ್ರಾದಿತ್ಯನು ಕಲ್ಯಾಣಕಾರಕವನ್ನು ಬರೆದನು. ಕಾವ್ಯಲಕ್ಷಣ, ಗಣಿತ, ಶಬ್ದಶಾಸ್ತ್ರ, ವೈದ್ಯ ಇವು ನಾಲ್ಕೂ ಒಂದೇ ಆಸ್ಥಾನದ ನೆರಳಿನಲ್ಲಿ ಬೆಳೆದುವೆಂಬುದನ್ನು ಮನಸ್ಸಿನಲ್ಲಿಟ್ಟರೆ, ಕವಿರಾಜಮಾರ್ಗವನ್ನು ಕೇವಲ ಕಾವ್ಯಕ್ಕೆ ಮಾತ್ರ ಸಲ್ಲುವ ಗ್ರಂಥವೆಂದು ತಿಳಿಯುವುದು ಸಂಕೋಚದೃಷ್ಟಿಯಾಗುವುದು. ಮಾತನ್ನು ಹದವರಿತು ಆಡುವುದು ಹೇಗೆಂಬ ವಿಚಾರವು ಕವಿಗೆ ಎಷ್ಟು ಅವಶ್ಯಕವೋ ಶಾಸ್ತ್ರಕಾರನಿಗೂ ಅಷ್ಟೇ ಅವಶ್ಯಕವಾದುದು.

ಈ ಲೇಖನದಲ್ಲಿ ನಾವು ಒಂದು ಸಣ್ಣ ಪರೀಕ್ಷೆಯನ್ನು ಮಾಡಬಯಸುತ್ತೇವೆ. ಮುರಿದ ಎಲುಬು ಕೂಡುವ ಬಗೆ, ಅದಕ್ಕೆ ನೆತ್ತರಿನ ಪೂರೈಕೆ ಬೇಕಾಗುವ ಕಾರಣ, ಆ ಪೂರೈಕೆಯನ್ನು ಹೆಚ್ಚಿಸಲು ಇಂದಿನ ವೈದ್ಯರು ಪ್ರಯತ್ನಿಸುತ್ತಿರುವ ವೃದ್ಧಿಕಾರಕಗಳೆಂಬ ದ್ರವ್ಯಗಳು, ಈ ವಿಷಯವನ್ನು ಕನ್ನಡದಲ್ಲಿ ಹೇಳಬೇಕಾದರೆ ಮಾನ್ಯಖೇಟದ ಲಕ್ಷಣಕಾರನ ವಿವೇಕವು ನಮಗೆ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುವುದು? ಅಲ್ಲದೆ, ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಈ ಹೊಸ ಶಾಸ್ತ್ರವೆಲ್ಲವೂ ಮೊದಲೇ ಇದ್ದಿತೆಂದು ಸಾರುವವರ ಮಾತು ಎಷ್ಟು ಪ್ರಮಾಣಯುಕ್ತವಾದುದು? ಈ ಎರಡು ಪ್ರಶ್ನೆಗಳೂ ಸಾಹಿತ್ಯದ ಅಧ್ಯಾಪಕರಿಗೆ ಸಂಬಂಧಪಡದವೆಂದು ಯಾರೂ ತಿಳಿಯಬಾರದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಸೀಮೆಯು ಸುಣ್ಣಕಲ್ಲಿನ ಭೂಮಿ. ಕಲ್ಲಿನ ಗಣಿಗಳೂ ಸಿಮೆಂಟಿನ ಕಾರ್ಖಾನೆಗಳೂ ಇಲ್ಲಿ ಬಹಳ. ಕೈಕಾಲು ಮುರಿಯುವುದು ಇಂಥ ದುಡಿಮೆಯ ನಾಡಿನಲ್ಲಿ ಅಪರೂಪದ ಮಾತಲ್ಲ. ಮುರಿದ ಕಾಲಿನವನಿಗೆ ಅವನ ಕಾಲಿನ ಸಂಗತಿಯನ್ನು ಅವನ ನುಡಿಯಲ್ಲಿ ಯಥಾರ್ಥವಾಗಿ ತಿಳಿಸುವುದು ಭಾಷೆಯ ಕೆಲಸ; ಅದು ಕೆಟ್ಟರೆ ಕೆಡುವುದು ಶೈಲಿ ಮಾತ್ರವಲ್ಲ.

೨

ಮೊದಲು ಪ್ರಾಚೀನರ ಮಾತನ್ನು ವಿಚಾರಿಸೋಣ. ಭಗ್ನಗಳ ವಿಷಯದಲ್ಲಿ ನಮ್ಮ ದೇಶದ ಮೂಲಗ್ರಂಥವು ಸುಶ್ರುತಸಂಹಿತೆ. ಅದರ ನಿದಾನಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಭಗ್ನಗಳನ್ನು ಎರಡಾಗಿ ವಿಂಗಡಿಸಿದೆ: ಕೀಲು ತಪ್ಪುವ ಸಂಧಿಮುಕ್ತವು ಆರು ವಿಧ, ಎಲುಬೇ ಮುರಿಯುವ ಕಾಂಡಭಗ್ನವು ಹನ್ನೆರಡು ವಿಧ. ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯದಲ್ಲಿ ಮುರಿದ ಭಾಗವನ್ನು ಎಳೆದು, ಒತ್ತಿ, ನೆಟ್ಟಗೆ ಕೂಡಿಸಿ, ಅತ್ತಿ, ಅರಳಿ, ಮುತ್ತುಗ, ಮತ್ತಿ ಮುಂತಾದ ಮರಗಳ ತೊಗಟೆಯನ್ನೂ ಬಿದಿರನ್ನೂ ಇಟ್ಟು ಕಟ್ಟುವ ಕ್ರಮವು ಉಕ್ತವಾಗಿದೆ. ಕಟ್ಟನ್ನು ಬಿಚ್ಚಿ ಕಟ್ಟುವ ಅವಧಿಯು ತಂಪು ಕಾಲದಲ್ಲಿ ಏಳು ದಿನ, ಸಾಧಾರಣ ಕಾಲದಲ್ಲಿ ಐದು ದಿನ, ಬಿಸಿಲುಗಾಲದಲ್ಲಿ ಮೂರು ದಿನ. ಕಟ್ಟು ಸಡಿಲವಾದರೆ ಸಂಧಿಯು ಸ್ಥಿರವಾಗದು. ಬಿಗಿಯಾದರೆ ಬಾವು, ನೋವು, ಕೀವು ಉಂಟಾಗುವುವು. ಆದುದರಿಂದ ಎರಡೂ ಅಲ್ಲದ ಸಮನಾದ ಕಟ್ಟೇ ಯೋಗ್ಯವೆಂದು ಆಚಾರ್ಯನ ನಿರ್ಣಯ. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಎಲುಬು ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲವನ್ನು ತೆಗೆದುಕೊಳ್ಳುವುದೆಂದೂ ಹೇಳಿದೆ.

ಈ ಭಾಗವನ್ನು ಓದಿದವರಿಗೆ ಆಚಾರ್ಯನ ಪ್ರತ್ಯಕ್ಷಾನುಭವದಲ್ಲಿ ಗೌರವ ಹುಟ್ಟದೆ ಇರಲಾರದು. ಆದರೆ ಗೌರವವು ಒಂದು, ಆರೋಪವು ಇನ್ನೊಂದು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳು ಒಂದರಿಂದ ಒಂದು ಪರಿಣಮಿಸುವುವೆಂಬ ಸಿದ್ಧಾಂತವನ್ನು ಹಿಡಿದು, ಎಲುಬಿಗೆ ನೆತ್ತರೇ ಮೂಲವೆಂಬುದನ್ನೂ ವೃದ್ಧಿಕಾರಕಗಳ ತತ್ತ್ವವನ್ನೂ ಪ್ರಾಚೀನರು ಬಲ್ಲವರಾಗಿದ್ದರೆಂದು ಕೆಲವರು ವಾದಿಸುವುದುಂಟು. ಈ ವಾದವು ಎರಡು ಕಡೆಯಿಂದಲೂ ದೋಷಯುಕ್ತವಾದುದು. ಧಾತುಪರಿಣಾಮವು ಅನ್ನದ ಸಾರವು ದೇಹದಲ್ಲಿ ಹಂತಹಂತವಾಗಿ ಪಾಕಗೊಳ್ಳುವುದನ್ನು ಹೇಳತಕ್ಕ ಸಿದ್ಧಾಂತ. ಅದರಲ್ಲಿ ಅಸ್ಥಿಯು ಮೇದಸ್ಸಿನಿಂದ ಹುಟ್ಟುವುದೇ ಹೊರತು ನೇರವಾಗಿ ರಕ್ತದಿಂದ ಅಲ್ಲ. ಮುರಿದ ಎಡೆಗೆ ಸೂಕ್ಷ್ಮನಾಳಗಳು ಹೊಸದಾಗಿ ಚಿಗುರಿ ಬರುವುವೆಂಬ ಮಾತು ಅದರಲ್ಲಿಲ್ಲ; ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅದು ಇರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ. ಇಲ್ಲದುದನ್ನು ಇದೆಯೆನ್ನುವುದರಿಂದ ಪ್ರಾಚೀನರಿಗೆ ಮಾನವೂ ಹೆಚ್ಚದು. ಅವರು ನಿಜವಾಗಿ ಕಂಡು ಹೇಳಿದುದು ಮರೆಯಾಗುವುದೊಂದೇ ಇದರ ಫಲ.

ಆ ಕಂಡು ಹೇಳಿದ ಮಾತು ಯಾವುದೆಂದರೆ ಕಟ್ಟಿನ ಬಿಗಿಯ ವಿಷಯ. ಬಿದಿರುದಬ್ಬೆಗಳನ್ನಿಟ್ಟು ಅತಿಯಾಗಿ ಬಿಗಿದರೆ ಒಳಗಿನ ಒತ್ತಡವೇರಿ ಸ್ನಾಯುಗಳಿಗೆ ನೆತ್ತರು ಹರಿಯುವುದು ನಿಲ್ಲುತ್ತದೆ. ಕೆಲವು ಗಂಟೆಗಳಲ್ಲಿಯೇ ಸ್ನಾಯುವು ಸತ್ತು ಕೈ ಸೆಡೆತು ಹೋಗಬಹುದು. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ನನು ೧೮೮೧ರಲ್ಲಿ ಈ ಸೆಡೆತವನ್ನು ಬಿಗಿಯಾದ ಕಟ್ಟಿಗೂ ನೆತ್ತರಿನ ತಡೆಗೂ ಸಂಬಂಧಿಸಿ ವಿವರಿಸಿದನು. ನಮ್ಮಲ್ಲಿ ಪರಂಪರೆಯ ಹೆಸರಿನಲ್ಲಿ ಕಟ್ಟುವ ಬಿಗಿಗಟ್ಟು ಆ ಪರಂಪರೆಯ ಮೂಲಗ್ರಂಥಕ್ಕೇ ವಿರುದ್ಧವಾದುದೆಂಬುದನ್ನು ಜನರಿಗೆ ತಿಳಿಸಬೇಕಾದವರು ಯಾರು? ಸಂಸ್ಕೃತವನ್ನೂ ಕನ್ನಡವನ್ನೂ ಬಲ್ಲ ವಿದ್ವಾಂಸರಲ್ಲವೆ? ಕಟ್ಟಿದ ಮೇಲೆ ಬೆರಳು ತಣ್ಣಗಾಗುವುದು, ಜೋಮು ಹಿಡಿಯುವುದು, ಬಣ್ಣಗೆಡುವುದು, ತಡೆಯಲಾರದ ನೋವು, ಇವು ಕಟ್ಟನ್ನು ಕೂಡಲೆ ಸಡಿಲಿಸಿ ದವಾಖಾನೆಗೆ ಒಯ್ಯಬೇಕಾದ ಲಕ್ಷಣಗಳು. ಗ್ರಂಥದ ಸಂಧಾನವು ಈ ಒಂದು ವಾಕ್ಯವನ್ನು ಜನಕ್ಕೆ ಮುಟ್ಟಿಸಿದರೂ ಅದು ಸಾರ್ಥಕವಾದ ಪಾಂಡಿತ್ಯವೇ ಸರಿ.

೩

ಇನ್ನು ಉಗ್ರಾದಿತ್ಯನ ಕಡೆಗೆ ತಿರುಗೋಣ. ಇಪ್ಪತ್ತೈದು ಪರಿಚ್ಛೇದಗಳ ಆತನ ಸಂಸ್ಕೃತಗ್ರಂಥವು ೧೯೪೦ರಲ್ಲಿ ಸೊಲ್ಲಾಪುರದಿಂದ, ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹಿಂದೀ ಅನುವಾದದೊಡನೆ ಪ್ರಕಟವಾಯಿತು. ತನಗಿಂತ ಹಿಂದಿನ ಜೈನಾಚಾರ್ಯರಲ್ಲಿ ಶಾಲಾಕ್ಯಕ್ಕೆ ಪೂಜ್ಯಪಾದನನ್ನೂ ಶಲ್ಯತಂತ್ರಕ್ಕೆ ಪಾತ್ರಸ್ವಾಮಿಯನ್ನೂ ಆತನು ನೆನೆಯುತ್ತಾನೆ. ಗ್ರಂಥದ ಕೊನೆಗೆ ಸೇರಿದ ಹಿತಾಹಿತಾಧ್ಯಾಯವು ನೃಪತುಂಗನ ಸಭೆಯಲ್ಲಿ, ವಿದ್ವಾಂಸರೂ ವೈದ್ಯರೂ ನೆರೆದಿದ್ದಾಗ, ಮಾಂಸಾಹಾರದ ನಿಷ್ಫಲತೆಯನ್ನು ಕುರಿತು ಮಾಡಿದ ವಾದವೆಂದು ಹೇಳಿಕೊಂಡಿದೆ. ಈ ನೃಪತುಂಗನೇ ಅಮೋಘವರ್ಷನೆಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುವರು.

ಸಾಹಿತ್ಯವಿಮರ್ಶಕನಿಗೆ ಈ ಅಧ್ಯಾಯದಲ್ಲಿ ಮುಖ್ಯವಾದುದು ವಾದದ ವಿಷಯಕ್ಕಿಂತ ವಾದದ ರೀತಿ. ಸುಶ್ರುತನು ಭಗ್ನರೋಗಿಯ ಪಥ್ಯದಲ್ಲಿ ಅಕ್ಕಿಯ ಅನ್ನ, ಹಾಲು, ತುಪ್ಪ, ಬಟಾಣಿಯ ಕಟ್ಟು, ಇವುಗಳ ಜೊತೆಗೆ ಮಾಂಸರಸವನ್ನೂ ಹೇಳಿದ್ದಾನೆ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಜೈನ ವೈದ್ಯಪರಂಪರೆಯು ಇಂಥೆಡೆಗಳಲ್ಲಿ ಪೂರ್ವಾಚಾರ್ಯರ ಮಾತನ್ನು ಬಿಡಲೇಬೇಕಾಗಿತ್ತು. ಪೂರ್ವಾಚಾರ್ಯನ ಮಾತನ್ನು ಬಿಡುವವನು ಕಾರಣವನ್ನು ಹೇಳಬೇಕು. ಉಗ್ರಾದಿತ್ಯನು ಸಭೆಯ ಮುಂದೆ ಕಾರಣವನ್ನು ಹೇಳಲು ನಿಂತನು. ಆತನ ನಿರ್ಣಯವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಕೂಡುವ ಎಲುಬಿಗೆ ಸಾಕಷ್ಟು ಪೌಷ್ಟಿಕಾಂಶವು, ಅದರಲ್ಲಿಯೂ ಪ್ರೋಟೀನು ಬೇಕೆಂಬುದು ಇಂದಿನವರ ಮತ. ಅದು ಮಾಂಸದಿಂದಲೂ ಬರಬಹುದು, ಈ ಸೀಮೆಯ ಹೆಸರಾದ ತೊಗರಿಬೇಳೆಯಿಂದಲೂ ಹಾಲಿನಿಂದಲೂ ಬರಬಹುದು. ಆದರೆ ಮದ್ದಿನ ಮಾತನ್ನು ಸಭೆಯಲ್ಲಿ ಪ್ರಮಾಣಪೂರ್ವಕವಾಗಿ ಸ್ಥಾಪಿಸಬೇಕೆಂಬ ಆ ಧೋರಣೆಯು ಕಾಲಾತೀತವಾದುದು.

ಈ ಪರಂಪರೆಯು ಕನ್ನಡಕ್ಕೂ ಇಳಿದು ಬಂದಿತು. ಪೂಜ್ಯಪಾದನ ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಿಸಿದನು. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಗೋವೈದ್ಯವನ್ನೂ ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತ ಖಗೇಂದ್ರಮಣಿದರ್ಪಣವನ್ನೂ ರಚಿಸಿದರು. ಚಿತ್ತಾಪುರದ ಸೀಮೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ ೧೦೫೮ನೆಯ ಇಸವಿಯ ಶಾಸನದಲ್ಲಿ ಉಪಾಧ್ಯಾಯರಿಗೆ ಮಾತ್ರವಲ್ಲ, ಪುಸ್ತಕಗಳನ್ನು ಕಾಯುವ ಸರಸ್ವತೀಭಂಡಾರಿಗರಿಗೂ ವೃತ್ತಿಯನ್ನು ಕೊಟ್ಟುದು ಕಾಣುತ್ತದೆ. ಶಾಸ್ತ್ರವನ್ನು ನೆಲದ ನುಡಿಯಲ್ಲಿ ಹೇಳುವುದೂ ಹೇಳಿದುದನ್ನು ಜತನದಿಂದ ಕಾಯುವುದೂ ಈ ಸೀಮೆಗೆ ಹೊಸತಲ್ಲವೆಂಬುದಕ್ಕೆ ಇಷ್ಟು ಸಾಕು.

೪

ಈಗ ಪ್ರಕೃತ ಶಾಸ್ತ್ರವನ್ನು ಸಂಗ್ರಹವಾಗಿ ನಿರೂಪಿಸುತ್ತೇವೆ. ಎಲುಬು ಮುರಿದೊಡನೆ ಅದರ ನಾಳಗಳೂ ಹರಿದು, ಸೋರಿದ ನೆತ್ತರು ಮುರಿದ ಎಡೆಯಲ್ಲಿ ಹೆಪ್ಪುಗಟ್ಟುತ್ತದೆ. ಈ ಹೆಪ್ಪು ಕೇವಲ ಕಸವಲ್ಲ. ಅದರಲ್ಲಿರುವ ಕಿರುಬಿಲ್ಲೆಗಳು ಹಲವು ವೃದ್ಧಿಕಾರಕಗಳನ್ನು ಹೊರಸೂಸಿ ದುರಸ್ತಿಯ ಕಣಗಳನ್ನು ಅಲ್ಲಿಗೆ ಬರಮಾಡುತ್ತವೆ. ನಾಳಗಳು ಹರಿದ ಎಡೆಯಲ್ಲಿ ಆಮ್ಲಜನಕವು ಕಡಮೆಯಾಗುವುದಷ್ಟೆ. ಆ ಕೊರತೆಯೇ ಕಣಗಳನ್ನು ಎಚ್ಚರಿಸಿ, ಹೊಸ ನಾಳಗಳನ್ನು ಚಿಗುರಿಸುವ ಕಾರಕವೊಂದನ್ನು ಹುಟ್ಟಿಸುತ್ತದೆ. ಇದನ್ನು ಪಾಶ್ಚಾತ್ಯರು ವಿ.ಇ.ಜಿ.ಎಫ್. ಎಂದು ಕರೆಯುವರು. ಮೊದಲ ಕೆಲವು ವಾರಗಳಲ್ಲಿ ಮುರಿದ ತುದಿಗಳ ನಡುವೆ ಮೃದ್ವಸ್ಥಿಯ ಮೆತು ಸೇತುವೆಯು ಏರ್ಪಡುವುದು. ಈ ಮೃದ್ವಸ್ಥಿಗೆ ನಾಳಗಳಿಲ್ಲ. ಅದರ ಕಣಗಳು ಊದಿ ಬಲಿತಾಗ ಅವೇ ನಾಳಕಾರಕವನ್ನು ಸೂಸಿ ನೆತ್ತರನ್ನು ಕರೆಯುತ್ತವೆ. ನಾಳಗಳು ಒಳನುಗ್ಗಿದ ಬಳಿಕ ಅವುಗಳ ಜೊತೆಯಲ್ಲಿ ಎಲುಬು ಕಟ್ಟುವ ಕಣಗಳು ಬಂದು ಸುಣ್ಣಾಂಶವನ್ನು ತುಂಬುವುವು. ಹೀಗೆ ಗಡುಸಾದ ಸೇತುವೆಯು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಿದ್ದುಪಡಿಯಾಗುತ್ತ ಹಳೆಯ ರೂಪಕ್ಕೆ ಮರಳುವುದು. ಚರ್ಮದ ಗಾಯವು ಕಲೆಯನ್ನುಳಿಸಿ ಮಾಯುವುದು. ಎಲುಬಾದರೋ ತನ್ನ ಮೂಲದ್ರವ್ಯದಿಂದಲೇ ಕೂಡುವುದು.

ಇದರಿಂದ ನೆತ್ತರಿನ ಪ್ರಾಧಾನ್ಯವು ಸ್ಪಷ್ಟವಾಯಿತು. ಮೊಳಕಾಲಿನ ಕೆಳಗಣ ದೊಡ್ಡ ಎಲುಬಿನ ಕೆಳಭಾಗಕ್ಕೆ ಮಾಂಸದ ಹೊದಿಕೆ ಕಡಮೆ, ನೆತ್ತರೂ ಕಡಮೆ. ಅಲ್ಲಿಯ ಮುರಿತವು ನಿಧಾನವಾಗಿ ಕೂಡುತ್ತದೆ. ತೊಡೆಯ ಎಲುಬಿನ ಕೊರಳು, ಮಣಿಕಟ್ಟಿನ ದೋಣಿಯಾಕಾರದ ಎಲುಬು, ಇವೂ ಅಂಥವೇ. ತಂಬಾಕಿನ ಹೊಗೆಯನ್ನು ಸೇದುವವರಲ್ಲಿ ಎಲುಬು ತಡವಾಗಿ ಕೂಡುವುದೆಂಬುದೂ ದೃಢಪಟ್ಟ ಮಾತು. ಮುರಿತಗಳಲ್ಲಿ ನೂರಕ್ಕೆ ಐದರಿಂದ ಹತ್ತು ಕೂಡದೆಯೋ ಬಹಳ ತಡವಾಗಿಯೋ ಉಳಿಯುವುವೆಂದು ಸಾಮಾನ್ಯವಾದ ಎಣಿಕೆ. ಇಂಥವರಿಗಾಗಿಯೇ ವೃದ್ಧಿಕಾರಕಗಳ ಶೋಧನೆಯು ನಡೆದುದು.

ಅಮೆರಿಕದ ಮಾರ್ಷಲ್ ಯೂರಿಸ್ಟ್ ಎಂಬ ಶಸ್ತ್ರವೈದ್ಯನು ಸುಣ್ಣಾಂಶವನ್ನು ತೆಗೆದ ಎಲುಬಿನ ಚೂರನ್ನು ಪ್ರಾಣಿಯ ಮಾಂಸಖಂಡದಲ್ಲಿಟ್ಟಾಗ ಅಲ್ಲಿ ಹೊಸ ಎಲುಬು ಹುಟ್ಟಿದುದನ್ನು ೧೯೬೫ರಲ್ಲಿ ಪ್ರಕಟಿಸಿದನು. ಅದಕ್ಕೆ ಕಾರಣವಾದ ಪ್ರೋಟೀನಿಗೆ ಮುಂದೆ ಬಿ.ಎಂ.ಪಿ. ಎಂಬ ಹೆಸರಾಯಿತು. ೧೯೭೧ರಲ್ಲಿ ಜೂಡಾ ಫೋಕ್‌ಮನ್ನನು ಗಡ್ಡೆಗಳು ಹೊಸ ನಾಳಗಳನ್ನು ಕರೆದುಕೊಂಡು ಬೆಳೆಯುವುವೆಂಬ ಮತವನ್ನು ಮುಂದಿಟ್ಟನು. ಆ ದಾರಿಯಲ್ಲಿ ನಡೆದ ಶೋಧಗಳಿಂದ ನಾಳಕಾರಕವು ಸಿಕ್ಕಿತು. ೨೦೦೨ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿ ಮೊಲಗಳ ಮುರಿದ ಎಲುಬಿಗೆ ವಿ.ಇ.ಜಿ.ಎಫ್. ಕೊಟ್ಟಾಗ ನಾಳಗಳೂ ಎಲುಬೂ ಹೆಚ್ಚಿದುವು. ಅದನ್ನು ತಡೆದಾಗ ಕೂಡಿಕೆಯು ಕುಂಠಿತವಾಯಿತು.

ಇಲ್ಲಿ ಒಂದು ಸ್ವಾರಸ್ಯವುಂಟು. ಈ ನಾಳಕಾರಕವನ್ನು ಮೊದಲು ೧೯೮೩ರಲ್ಲಿ ಗುರುತಿಸಿದವರು ಅದು ನಾಳಗಳನ್ನು ಸೋರುವಂತೆ ಮಾಡುವುದನ್ನು ಕಂಡು ಸೋರಿಕೆಯ ಕಾರಕವೆಂದು ಹೆಸರಿಟ್ಟರು. ೧೯೮೯ರಲ್ಲಿ ಅದೇ ದ್ರವ್ಯವು ವೃದ್ಧಿಯ ಕಾರಕವೆಂಬ ಹೆಸರನ್ನು ಪಡೆಯಿತು. ದ್ರವ್ಯವು ಒಂದೇ; ಒಂದು ಹೆಸರು ದೋಷವನ್ನು ಹಿಡಿಯಿತು, ಇನ್ನೊಂದು ಗುಣವನ್ನು ಹಿಡಿಯಿತು. ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದವು ದೋಷಾದೋಷಗಳ ನಿರ್ಣಯಕ್ಕೇ ಮೀಸಲಾಗಿದೆಯೆಂಬುದನ್ನು ನೆನೆದರೆ, ಎಡೆಯನ್ನೂ ಹದವನ್ನೂ ನೋಡದೆ ಗುಣದೋಷಗಳನ್ನು ಹೇಳಬಾರದೆಂಬ ನೀತಿಯು ಕಾವ್ಯಕ್ಕೆ ಮಾತ್ರ ಸೀಮಿತವಲ್ಲವೆಂಬುದು ಮನದಟ್ಟಾಗುವುದು. ಹದ ಮೀರಿದರೆ ಈ ಕಾರಕವು ಸೋರುವ, ನಿಲ್ಲದ ನಾಳಗಳನ್ನು ಹುಟ್ಟಿಸುವುದು. ಹೀಗಾಗಿ ಮುರಿತಕ್ಕೆ ವಿ.ಇ.ಜಿ.ಎಫ್. ಅನ್ನು ಮದ್ದಾಗಿ ಕೊಡುವ ಪದ್ಧತಿಯು ಇನ್ನೂ ರೂಢಿಗೆ ಬಂದಿಲ್ಲ.

೫

ಇಷ್ಟನ್ನು ಕನ್ನಡದಲ್ಲಿ ಹೇಳುವಾಗ ಎದುರಾಗುವ ಪ್ರಶ್ನೆಗಳನ್ನು ಈಗ ವಿಮರ್ಶಿಸೋಣ.

ಮೊದಲನೆಯದು ಪಾರಿಭಾಷಿಕ ಪದಗಳ ವಿಷಯ. ಬೆಳವಣಿಗೆಯ ಅಂಶ, ವರ್ಧಕ, ವೃದ್ಧಿಕಾರಕ ಎಂಬ ಮೂರು ಪದಗಳು ಇಲ್ಲಿ ನಮ್ಮೆದುರಿಗೆ ನಿಲ್ಲುತ್ತವೆ. ಅಂಶವೆಂದರೆ ಓದುಗನ ಮನಸ್ಸಿಗೆ ಆಹಾರದ ಸತ್ತ್ವದಂಥ ಒಂದು ಪಾಲು ಹೊಳೆಯುವುದು; ಅದನ್ನು ತಿಂದರೆ ಎಲುಬು ಬೆಳೆಯುವುದೆಂಬ ಭ್ರಾಂತಿಗೆ ಎಡೆಯಾಗುವುದು. ವರ್ಧಕವೆಂದರೆ ಶಕ್ತಿಯ ಔಷಧವೆಂಬ ಅರ್ಥವು ರೂಢಿಯಲ್ಲಿದೆ. ಕಾರಕವೆಂಬುದಾದರೋ ವ್ಯಾಕರಣದಿಂದ ನಮಗೆ ಪರಿಚಿತವಾದ ಮಾತು: ಕ್ರಿಯೆಗೂ ಪದಕ್ಕೂ ಸಂಬಂಧವನ್ನು ಕಲ್ಪಿಸುವುದು ಕಾರಕ. ವಸ್ತುಸ್ಥಿತಿಯೂ ಹೀಗೆಯೇ. ಈ ದ್ರವ್ಯಗಳು ಎಲುಬಿನ ಕಚ್ಚಾಸಾಮಗ್ರಿಯಲ್ಲ. ಒಂದು ಕಣವು ಇನ್ನೊಂದಕ್ಕೆ ಕಳುಹುವ ಓಲೆಗಳು. ಓಲೆಯನ್ನು ಓದಿ ಕೆಲಸ ಮಾಡತಕ್ಕ ಕಣವಿಲ್ಲದಿದ್ದರೆ ಓಲೆ ವ್ಯರ್ಥ. ಆದುದರಿಂದ ವೃದ್ಧಿಕಾರಕವೆಂಬ ಪದವೇ ಯುಕ್ತವೆಂದು ನಮ್ಮ ಅಭಿಪ್ರಾಯ.

ಎರಡನೆಯದು ಸಮಾಸದ ವಿಷಯ. ವಿ.ಇ.ಜಿ.ಎಫ್. ಎಂಬುದನ್ನು ಮಾತಿಗೆ ಮಾತಾಗಿ ತಿರುಗಿಸಿದರೆ ರಕ್ತನಾಳಾಂತಃಸ್ತರವೃದ್ಧಿಕಾರಕವೆಂಬ ಉದ್ದನೆಯ ಸಮಾಸವು ಹುಟ್ಟುವುದು. ಅದನ್ನು ಸುಲಭಗೊಳಿಸಲು ಹೋಗಿ ನೆತ್ತರುನಾಳವೃದ್ಧಿಕಾರಕವೆಂದರೆ ಅರಿಸಮಾಸವಾಗುವುದು. ಕನ್ನಡವನ್ನೂ ಸಂಸ್ಕೃತವನ್ನೂ ಅರಿಯದೆ ಸಮಾಸದಲ್ಲಿ ಬೆರಸುವುದು ಕಾಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಹಾಕಿದಂತೆ ವಿರಸವೆಂದು ಮಾನ್ಯಖೇಟದ ಲಕ್ಷಣಕಾರನು ಹೇಳಿದನು, ಮುಂದೆ ಕ್ರಿ. ಶ. ೧೧೧೨ರ ಸುಮಾರಿಗೆ ಮುಳುಗುಂದದ ನಯಸೇನನು ತುಪ್ಪವನ್ನೂ ಎಣ್ಣೆಯನ್ನೂ ಬೆರಸುವ ಹೋಲಿಕೆಯಿಂದ ಇಂಥ ಬೆರಕೆಯನ್ನು ಹಳಿದನು. ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗಗಳಲ್ಲಿಯೂ ಅರಿಸಮಾಸವು ಸಲ್ಲುವುದೆಂದು ಕೇಶಿರಾಜನು ಅವಕಾಶವನ್ನು ಕೊಟ್ಟನು. ಇಂದು ಈ ನಿಯಮವನ್ನು ಅಕ್ಷರಶಃ ಪಾಲಿಸಬೇಕೆಂದು ನಾವು ಹೇಳುವುದಿಲ್ಲ. ಅದರ ಒಳಗಿರುವ ವಿವೇಕವನ್ನು ಗ್ರಹಿಸಬೇಕು: ಪದವು ಚಿಕ್ಕದಾಗಿ ಸಮಸಂಸ್ಕೃತವಾಗಿರಲಿ, ವಿವರಣೆಯು ಕನ್ನಡದ ಕ್ರಿಯಾಪದದಲ್ಲಿ ಇರಲಿ. ನಾಳವೃದ್ಧಿಕಾರಕವೆಂದು ಹೆಸರಿಟ್ಟು, ಅದು ಹೊಸ ನೆತ್ತರನಾಳಗಳನ್ನು ಚಿಗುರಿಸುವುದು ಎಂದು ವಾಕ್ಯವನ್ನು ಬರೆದರೆ ಪಂಡಿತನಿಗೂ ಪಾಮರನಿಗೂ ಸಲ್ಲುವುದು. ಶಾಸ್ತ್ರದ ಭಾರವನ್ನೆಲ್ಲ ನಾಮಪದದ ಮೇಲೆ ಹೇರುವುದೇ ನಮ್ಮ ಇಂದಿನ ಪಠ್ಯಗ್ರಂಥಗಳ ಮುಖ್ಯ ದೋಷ.

ಮೂರನೆಯದು ಕ್ರಿಯಾಪದದ ವಿಷಯ. ಇದು ಎಲ್ಲಕ್ಕಿಂತ ಮುಖ್ಯವಾದುದು. ಈ ಸೀಮೆಯ ಜನರು ಎಲುಬು ಕೂಡಿತು ಎನ್ನುವರು. ವೈದ್ಯನು ಕೂಡಿಸಿದನು ಎಂದೂ ಹೇಳುವರು. ಕೂಡು, ಕೂಡಿಸು ಎಂಬ ಅಕರ್ಮಕ ಪ್ರೇರಣಾರ್ಥಕಗಳ ಭೇದದಲ್ಲಿ ಶಾಸ್ತ್ರದ ತಿರುಳೇ ಅಡಗಿದೆ. ಕೂಡುವ ಕರ್ತೃವು ಎಲುಬೇ. ವೈದ್ಯನೂ ಕಟ್ಟೂ ಕಾರಕವೂ ಕೂಡುವಂತೆ ಮಾಡುವ ಪ್ರೇರಕರು. ಇದಕ್ಕೆ ಪ್ರತಿಯಾಗಿ ಬೆಸುಗೆಯೆಂಬ ರೂಪಕವನ್ನು ಬಳಸಿದರೆ ಹೊರಗಿನ ಲೋಹವನ್ನು ಕರಗಿಸಿ ಸುರಿದಂತೆ ಭಾವನೆ ಬರುವುದು. ಎಲುಬಿಗೆ ಸಿಮೆಂಟು ಹಾಕುವುದೆಂದರೆ ಇನ್ನೂ ತಪ್ಪಾಗುವುದು. ಸುಣ್ಣಕಲ್ಲಿನ ನಾಡಿನಲ್ಲಿ ಈ ಉಪಮೆಯು ಸುಲಭವಾಗಿ ನಾಲಗೆಗೆ ಬರತಕ್ಕುದೇ. ಆದರೆ ಶಹಾಬಾದಿನ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟು, ಎಲುಬಿನ ಖನಿಜವು ಕ್ಯಾಲ್ಸಿಯಂ ಫಾಸ್ಫೇಟಿನ ಜಾತಿಯದು, ಮತ್ತು ಆ ಖನಿಜವೂ ನೆತ್ತರು ತಲಪಿ ಕಣಗಳು ಬಂದ ಮೇಲೆ ನೆಲಸುವುದೇ ಹೊರತು ಮೊದಲಲ್ಲ. ಸುಣ್ಣದ ಮಾತ್ರೆಯನ್ನು ನುಂಗಿದರೆ ಎಲುಬು ತಾನಾಗಿ ಹತ್ತಿಕೊಳ್ಳುವುದೆಂಬ ನಂಬಿಕೆಗೆ ಈ ಉಪಮೆಯು ನೆರವಾಗುವುದು. ಉಪಮಾನೋಪಮೇಯಗಳಲ್ಲಿ ಸಾಧರ್ಮ್ಯವು ತಪ್ಪಿದರೆ ಕಾವ್ಯದಲ್ಲಿ ರಸಭಂಗವಾಗುವುದು. ವೈದ್ಯದಲ್ಲಿ ದೇಹಕ್ಕೇ ಕೇಡಾಗುವುದು. ಚಿಗುರುವುದು, ಬಲಿಯುವುದು ಎಂಬ ಒಕ್ಕಲುತನದ ಮಾತುಗಳು ಇಲ್ಲಿ ಬೆಸುಗೆಗಿಂತ ಯಥಾರ್ಥವಾದುವು.

ನಾಲ್ಕನೆಯದು ದೇಸಿಯ ವಿಷಯ. ಪಠ್ಯಗ್ರಂಥಗಳು ಮೂಳೆಯೆನ್ನುವುವು, ಕಲಬುರಗಿಯ ಕಡೆಯವರು ಎಲುಬು, ಎಲವು ಎನ್ನುವರು. ಹಳಗನ್ನಡದ ಎಲ್ವು ಎಂಬುದರ ವಂಶವು ಇಲ್ಲಿ ಜೀವಂತವಾಗಿದೆ. ಕನ್ನಡಗಳು ಹಲವು, ದೇಸಿಯು ಬೇರೆ ಬೇರೆಯಾದುದರಿಂದ ವಾಸುಕಿಯೂ ಅವನ್ನು ಅರಿಯಲಾರದೆ ಬೇಸರಗೊಳ್ಳುವನೆಂಬ ಮಾರ್ಗಕಾರನ ಮಾತು ಹಾಸ್ಯವೂ ಹೌದು, ಔದಾರ್ಯವೂ ಹೌದು. ವೈದ್ಯಶಾಸ್ತ್ರದ ಕನ್ನಡವು ಒಂದೇ ಸೀಮೆಯ ನುಡಿಯಾಗಬೇಕೆಂಬ ಹಟವನ್ನು ಬಿಟ್ಟರೆ ದವಾಖಾನೆಯಲ್ಲಿ ಮಾತು ನಡೆಯುವುದು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ವಿಜ್ಞಾನವೆಂಬ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡದಲ್ಲಿ ಶಾಸ್ತ್ರಲೇಖನವು ಬೆಳೆಯುತ್ತ ಬಂದಿದೆ. ಕಲಬುರಗಿಯಲ್ಲಿದ್ದುಕೊಂಡೇ ಡಾಕ್ಟರ್ ಪಿ. ಎಸ್. ಶಂಕರ್ ಅವರು ವೈದ್ಯವಿಷಯಗಳ ಮೇಲೆ ಅನೇಕ ಕನ್ನಡ ಗ್ರಂಥಗಳನ್ನು ರಚಿಸಿದ್ದಾರೆ. ನೆಲೆಯು ಇದೆ, ಅದರ ಮೇಲೆ ಸೀಮೆಸೀಮೆಯ ಮಾತಿಗೆ ಎಡೆ ಮಾಡಿಕೊಡುವುದು ಉಳಿದ ಕೆಲಸ.

೬

ಕೊನೆಯದಾಗಿ ಪ್ರಮಾಣದ ವಿಚಾರ. ಪ್ರಾಚೀನರ ವಿಷಯದಲ್ಲಿ ಹೆಚ್ಚು ಹೇಳಬಾರದೆಂದ ಮೇಲೆ ನವೀನರ ವಿಷಯದಲ್ಲಿಯೂ ಅದೇ ಅಳತೆಗೋಲನ್ನು ಹಿಡಿಯಬೇಕಲ್ಲವೆ? ೨೦೦೨ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಕಾಲಿನ ತೆರೆದ ಮುರಿತವುಳ್ಳ ೪೫೦ ಜನರಲ್ಲಿ ಬಿ.ಎಂ.ಪಿ.-೨ ಎಂಬ ಕಾರಕವನ್ನು ಪರೀಕ್ಷಿಸಿದರು; ಹೆಚ್ಚಿನ ಪ್ರಮಾಣವನ್ನು ಪಡೆದವರಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮೊದಲಾದುವು ಬೇಕಾಗುವ ಸಂಭವವು ನೂರಕ್ಕೆ ೪೪ರಷ್ಟು ಕಡಮೆಯಾಯಿತು. ಅದನ್ನನುಸರಿಸಿ ೨೦೦೪ರಲ್ಲಿ ಅಮೆರಿಕದ ಸರಕಾರವು ಅಂಥ ಮುರಿತಗಳಿಗೆ ಅದನ್ನು ಬಳಸಲು ಅನುಮತಿಯನ್ನು ಕೊಟ್ಟಿತು. ಆದರೆ ೨೦೧೧ರಲ್ಲಿ ೨೭೭ ಜನರ ಇನ್ನೊಂದು ಪರೀಕ್ಷೆಯು ಪ್ರಕಟವಾದಾಗ, ಎಲುಬಿನ ಕೊಳವೆಯನ್ನು ಕೊರೆದು ಸಲಾಕ ಹಾಕಿದವರಲ್ಲಿ ಈ ಕಾರಕವು ಕೂಡಿಕೆಯನ್ನು ಗಣನೀಯವಾಗಿ ತ್ವರೆಗೊಳಿಸಿದುದು ಕಾಣಲಿಲ್ಲ. ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಲ್ಲಿ ಇದೇ ದ್ರವ್ಯದ ಬಳಕೆಯನ್ನು ಕುರಿತು ಮೊದಲು ಬಂದ ವರದಿಗಳು ಅಪಾಯಗಳನ್ನು ಕಡಮೆಯಾಗಿ ತೋರಿಸಿದ್ದುವೆಂಬ ಆಕ್ಷೇಪಣೆಯು ಅದೇ ವರ್ಷ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ೨೦೧೩ರಲ್ಲಿ ಎರಡು ಸ್ವತಂತ್ರ ತಂಡಗಳು ಮೂಲ ಅಂಕಿಗಳನ್ನೇ ಮತ್ತೆ ಪರಿಶೀಲಿಸಿ, ರೋಗಿಯ ಸ್ವಂತ ಎಲುಬಿನ ಕಸಿಗಿಂತ ಇದರಿಂದ ರೋಗಿಗೆ ವಿಶೇಷ ಪ್ರಯೋಜನವಿಲ್ಲವೆಂಬ ಅಭಿಪ್ರಾಯಕ್ಕೆ ಬಂದುವು. ಹೊಸದೆಂಬ ಮಾತ್ರಕ್ಕೆ ಪ್ರಮಾಣವಾಗದು. ಹಳೆಯದೆಂಬ ಮಾತ್ರಕ್ಕೂ ಆಗದು.

ಇದರ ಜೊತೆಗೆ ನಮ್ಮ ನಾಡಿನವರೇ ತೋರಿದ ಒಂದು ಸತ್ಪಥವನ್ನು ಹೇಳಬೇಕು. ಉಡುಪಿಯ ಸೀಮೆಯವರಾದ ಶಸ್ತ್ರವೈದ್ಯ ಕೆ. ಎನ್. ಉಡುಪರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ, ಜಿ. ಸಿ. ಪ್ರಸಾದರೊಡನೆ, ೧೯೬೦ರ ದಶಕದಲ್ಲಿ ಮಂಗರವಳ್ಳಿಯನ್ನು ಪರೀಕ್ಷೆಗೆ ಒಳಪಡಿಸಿದರು. ನಿಘಂಟುಗಳು ಅಸ್ಥಿಶೃಂಖಲೆಯೆಂದು ಕರೆಯುವ ಈ ಬಳ್ಳಿಯನ್ನು ಹಳ್ಳಿಗರು ಮುರಿದ ಎಲುಬಿಗೆ ಕಟ್ಟುವುದುಂಟು. ಉಡುಪರು ಅದನ್ನು ಶ್ಲಾಘಿಸಿ ಬರೆಯಲಿಲ್ಲ, ಹಳಿದೂ ಬರೆಯಲಿಲ್ಲ. ಪ್ರಾಣಿಗಳಲ್ಲಿ ಮುರಿದ ಎಲುಬಿನ ಗಟ್ಟಿತನವನ್ನು ಅಳೆದು, ವಿಕಿರಣಶೀಲ ಕ್ಯಾಲ್ಸಿಯಂ-೪೫ ಎಂಬುದರಿಂದ ಸುಣ್ಣಾಂಶವು ಸೇರುವುದನ್ನು ಗುರುತಿಸಿ, ಬಲವು ಬೇಗ ಬರುವುದೆಂಬ ಫಲಿತಾಂಶವನ್ನು ಪ್ರಕಟಿಸಿದರು. ಪ್ರಾಣಿಗಳಲ್ಲಿ ಕಂಡುದು ಮನುಷ್ಯರಲ್ಲಿಯೂ ಹಾಗೆಯೇ ಸಿದ್ಧವಾಯಿತೆಂದು ಇದರಿಂದ ತೀರ್ಮಾನಿಸಲಾಗದು. ಆದರೆ ಗ್ರಂಥದ ಮಾತನ್ನು ಅಳತೆಗೆ ಒಡ್ಡಿದ ಆ ರೀತಿಯು ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯನು ಕಾರಣವನ್ನು ಹೇಳಲು ನಿಂತ ರೀತಿಯ ಮುಂದುವರಿಕೆಯೇ ಆಗಿದೆ. ಪರಂಪರೆಯೆಂಬುದಕ್ಕೆ ನಾವು ಕೊಡತಕ್ಕ ಅರ್ಥವು ಇದು.

ಮೇಲಿನ ವಿಚಾರದಿಂದ ಮೂರು ಸಂಗತಿಗಳು ಸಿದ್ಧವಾಗುವುವು. ಪ್ರಾಚೀನ ವೈದ್ಯಗ್ರಂಥಗಳನ್ನು ಬೋಧಿಸುವ ಅಧ್ಯಾಪಕರು ಅವುಗಳಲ್ಲಿ ಇರುವುದನ್ನು ಮಾತ್ರ ಹೇಳಬೇಕು. ಕಟ್ಟಿನ ಬಿಗಿಯಂಥ ಜೀವೋಪಯೋಗಿಯಾದ ಮಾತುಗಳನ್ನು ಮುಂದೆ ತರಬೇಕು. ಹೊಸ ಶಾಸ್ತ್ರವನ್ನು ಕನ್ನಡಿಸುವವರು ಚಿಕ್ಕ ಪದವನ್ನೂ ಪೂರ್ಣ ವಾಕ್ಯವನ್ನೂ ಸೀಮೆಯ ಕ್ರಿಯಾಪದವನ್ನೂ ಆಶ್ರಯಿಸಬೇಕು. ಹಳತಾಗಲಿ ಹೊಸತಾಗಲಿ, ಮದ್ದನ್ನು ಕುರಿತ ಮಾತಿಗೆ ಎಂಥ ಪ್ರಮಾಣವುಂಟು, ಎಷ್ಟು ಜನರಲ್ಲಿ, ಯಾವ ಬಗೆಯ ಮುರಿತದಲ್ಲಿ ಎಂಬ ಪ್ರಶ್ನೆಯನ್ನು ಕೇಳದೆ ಅದನ್ನು ಪಠ್ಯಕ್ಕೆ ಸೇರಿಸಬಾರದು. ಕವಿರಾಜಮಾರ್ಗವನ್ನು ೧೮೯೮ರಲ್ಲಿ ಕೆ. ಬಿ. ಪಾಠಕರು ಮೊದಲು ಮುದ್ರಿಸಿದಾಗಿನಿಂದ ನಾವು ಅದರಲ್ಲಿ ನಾಡಿನ ಎಲ್ಲೆಯನ್ನೂ ಕವಿಗಳ ಹೆಸರುಗಳನ್ನೂ ಹುಡುಕಿದ್ದೇವೆ. ಅದು ಕಲಿಸುವ ಪದವಿವೇಕವನ್ನು ಕಾವ್ಯದ ಹೊರಗಿನ ಬರೆಹಗಳಿಗೂ ಅನ್ವಯಿಸಿ ನೋಡಿದವರು ವಿರಳ. ಸೇಡಂ, ಚಿಂಚೋಳಿಗಳ ಶಾಲೆ ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಎಲುಬು, ನೆತ್ತರು, ಗಾಯ, ಕಟ್ಟು ಇವುಗಳಿಗೆ ಸಂಬಂಧಿಸಿದ ಮನೆಮಾತುಗಳನ್ನು ಸಂಗ್ರಹಿಸಿ, ಹಳೆಯ ವೈದ್ಯಗ್ರಂಥಗಳ ಪದಗಳೊಡನೆ ಹೋಲಿಸಿ, ವೈದ್ಯರ ಕೈಗೆ ಕೊಡುವಂತಾದರೆ ಈ ಕೆಲಸವು ಮೊದಲಾಗುವುದು. ವಿದ್ವಾಂಸರು ಇದನ್ನು ಪರಾಮರ್ಶಿಸಬೇಕೆಂದು ಕೋರುತ್ತೇವೆ.